ನಿಮ್ಮ ಓಲೆಗಳ ಬೀಗದ ಕೈ ಯಾರ ಜೇಬಿನಲ್ಲಿದೆ?



ನಿಮ್ಮ ಕಂಪ್ಯೂಟರಿನಲ್ಲಿ ಇ-ಮೇಲ್ ಓದಲು ಯಾವ ತಂತ್ರಾಂಶ ಇದೆ ಎಂದು ಕೇಳಿದರೆ ಏನು ಹೇಳುತ್ತೀರಿ? "ಅದೇ, ವಿಂಡೋಸ್ ಜೊತೆ ಬಂದಿತ್ತಲ್ಲ, ಅದು" ಎನ್ನುವವರೇ ಹೆಚ್ಚು. ಹಾಗಾದರೆ ಕೇಳಿ. ವಿಂಡೋಸ್ 10ರ ಜೊತೆ ಬಂದಿದ್ದ ಮೇಲ್ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ರಂದು ಬಾಗಿಲು ಹಾಕಿತು. ಅದರ ಜಾಗದಲ್ಲಿ ಹೊಸ ಔಟ್‌ಲುಕ್ ಬಂದು ಕೂತಿದೆ. ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರುವುದೋ, ನಮಗೆ ಬೇಕಾದ್ದನ್ನು ನಾವೇ ಆರಿಸಿಕೊಳ್ಳುವುದೋ? ಇದು ಬರೀ ಕಂಪ್ಯೂಟರ್ ಪಂಡಿತರ ಪ್ರಶ್ನೆ ಎಂದು ಪುಟ ತಿರುಗಿಸಬೇಡಿ. ನಿಮ್ಮ ಕನ್ನಡದ ಓಲೆಗಳು ಉಳಿಯುತ್ತವೋ ಅಳಿಯುತ್ತವೋ ಎಂಬುದು ಇದರಲ್ಲೇ ಅಡಗಿದೆ.

ನಾಲ್ಕು ಸಾವು, ಒಬ್ಬನೇ ಯಜಮಾನ

ಲೆಕ್ಕ ಹಾಕಿ ನೋಡಿ. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ಔಟ್‌ಲುಕ್ ಎಕ್ಸ್‌ಪ್ರೆಸ್ ಬಂತು. ಸೈಬರ್ ಕೆಫೆಗಳಿಂದ ಹಿಡಿದು ಕಚೇರಿಗಳವರೆಗೆ ಎಲ್ಲೆಲ್ಲೂ ಅದೇ. ಇ-ಮೇಲೂ ಅದರಲ್ಲೇ, ಸುದ್ದಿಗುಂಪುಗಳೂ ಅದರಲ್ಲೇ. 2001ರಲ್ಲಿ ಎಕ್ಸ್‌ಪಿ ಜೊತೆ ಬಂದ ಆರನೆಯ ಆವೃತ್ತಿಯೇ ಕೊನೆಯದಾಯಿತು. 2007ರ ವಿಸ್ಟಾದಲ್ಲಿ ಅದೇ ಮನುಷ್ಯ ಬೇರೆ ಅಂಗಿ ತೊಟ್ಟು 'ವಿಂಡೋಸ್ ಮೇಲ್' ಎಂದು ಬಂದ. 2009ರ ವಿಂಡೋಸ್ 7ರಲ್ಲಿ ಅವನೂ ಇಲ್ಲ! ಬೇಕಿದ್ದವರು 'ವಿಂಡೋಸ್ ಲೈವ್ ಮೇಲ್' ಬೇರೆಯಾಗಿ ತಂದು ಹಾಕಿಕೊಳ್ಳಬೇಕಾಯಿತು. 2017ರ ಜನವರಿಯಲ್ಲಿ ಅದಕ್ಕೂ ತಿಲಾಂಜಲಿ. ನಾಲ್ಕನೆಯದು 2024ರಲ್ಲಿ ಹೋಯಿತು.

ಈ ನಾಲ್ಕು ತಂತ್ರಾಂಶಗಳೂ ಕೆಟ್ಟವಾಗಿದ್ದವು ಎಂದು ಯಾರೂ ಹೇಳುತ್ತಿಲ್ಲ. ಯಜಮಾನನಿಗೆ ಬೇಡವಾಯಿತು, ಅಷ್ಟೇ. ಬಾಡಿಗೆದಾರನನ್ನು ಕೇಳಿ ಯಾರಾದರೂ ಮನೆ ಕೆಡವುತ್ತಾರೆಯೇ?

ಯೂಡೋರಾ ಎಂಬ ಇನ್ನೊಂದು ಹೆಸರು ನಿಮ್ಮ ಅಣ್ಣಂದಿರಿಗೆ ನೆನಪಿರಬಹುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ 1988ರಲ್ಲಿ ಕಟ್ಟಿದ್ದು. ಆಮೇಲೆ ಕ್ವಾಲ್‌ಕಾಮ್ ಕಂಪನಿಯ ಕೈಗೆ ಹೋಯಿತು. ಲಕ್ಷಾಂತರ ಜನ ಬಳಸುತ್ತಿದ್ದ ಈ ತಂತ್ರಾಂಶವನ್ನು ಕಂಪನಿ 2006ರಲ್ಲಿ ಕೈಬಿಟ್ಟಿತು. ಅದರ ಮೂಲ ಸಂಕೇತ ಜನರ ಕೈಗೆ ಬಂದದ್ದು 2018ರಲ್ಲಿ. ಊಟ ಮುಗಿದು, ಎಲೆ ಎತ್ತಿದ ಮೇಲೆ ಬಡಿಸಿದ ಹಾಗೆ!

ಕನ್ನಡಕ್ಕೆ ಬಿದ್ದ ಎರಡನೇ ಬೀಗ

ಇಂಗ್ಲಿಷಿನವರಿಗೆ ಇಷ್ಟೇ ಕಷ್ಟ. ನಮಗೆ ಇನ್ನೊಂದು ಬೀಗ ಹೆಚ್ಚು ಬಿದ್ದಿದೆ.

2001ರ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ವಿಂಡೋಸ್‌ಗೆ ಯೂನಿಕೋಡ್ ಕನ್ನಡ ತಿಳಿದಿರಲಿಲ್ಲ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಮೀಸಲಾಗಿತ್ತು. ಆದರೆ ಆ ಮನೆಗೆ ನಮ್ಮನ್ನು ಒಳಗೆ ಬಿಡಲು ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ, ಅದರ ನಂತರವೂ ಅನೇಕ ವರ್ಷ, ಬರಹ, ನುಡಿಯಂಥ ತಂತ್ರಾಂಶಗಳೇ ನಮ್ಮನ್ನು ಕಾಪಾಡಿದವು. ಅವುಗಳ ಹಳೆಯ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗೀಚು. ಹಾಗೆ ಬರೆದ ಓಲೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಒಳಗಿದ್ದರೆ ಅದಕ್ಕೆ ಎರಡು ಬೀಗ: ಹೊರಗಿನದು ಆ ತಂತ್ರಾಂಶದ ಸ್ವಂತ ಮಾದರಿಯ ಕಡತ, ಒಳಗಿನದು ಫಾಂಟಿನ ಗುಟ್ಟು. ಎಷ್ಟು ಕನ್ನಡ ಸಂಘಗಳ ಪತ್ರವ್ಯವಹಾರ, ಎಷ್ಟು ಸ್ನೇಹದ ಓಲೆಗಳು ಹೀಗೆ ಹಳೆಯ ಕಂಪ್ಯೂಟರಿನ ಜೊತೆ ಗುಜರಿಗೆ ಹೋಗಿರಬೇಡ!

ಯೂನಿಕೋಡ್ ಬಂದ ಮೇಲೂ ಪೂರ್ತಿ ನಿಶ್ಚಿಂತೆ ಇಲ್ಲ. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್ ಲೆಕ್ಕದಲ್ಲಿ ಅದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 15. ಇ-ಮೇಲಿನ ಹಳೆಯ ದಾರಿಗಳು ಇಂಗ್ಲಿಷಿಗೆಂದೇ ಕಟ್ಟಿದವು. ಅವುಗಳಲ್ಲಿ ನುಸುಳಲು ಒಂದೊಂದು ಬೈಟನ್ನೂ ಮೂರು ಅಕ್ಷರವಾಗಿ ಬಿಡಿಸಿ ಕಳಿಸುವ ಪದ್ಧತಿಯೊಂದಿದೆ. ಆಗ 'ಕನ್ನಡ' 45 ಅಕ್ಷರಗಳ ವೇಷ ಹಾಕಿಕೊಂಡು ಹೋಗುತ್ತದೆ. ತಲುಪಿದ ಕಡೆ ಈ ವೇಷ ಸರಿಯಾಗಿ ಕಳಚಬೇಕು. ಕಳಚಲು ಬಾರದ ತಂತ್ರಾಂಶ ಸಿಕ್ಕಿದರೆ ನಿಮ್ಮ ಗೆಳತಿಗೆ ಕಾಣುವುದು ಬರೀ ಕಸ. ಯೂನಿಕೋಡ್ ಸರಿಯಾಗಿ ತಿಳಿಯದಿದ್ದದ್ದೇ ಯೂಡೋರಾದ ಹಳೆಯ ಆವೃತ್ತಿಗಳ ದೊಡ್ಡ ಕೊರತೆಯಾಗಿತ್ತು.

ಆಗ ನಾವು ಏನು ಮಾಡುತ್ತೇವೆ? "ಹೋಗಲಿ ಬಿಡು ಮಾರಾಯ, ಇಂಗ್ಲಿಷಿನಲ್ಲೇ ಬರೆಯೋಣ" ಎನ್ನುತ್ತೇವೆ. ನೋಡಿ, ಯಾರೂ ಕನ್ನಡವನ್ನು ನಿಷೇಧಿಸಲಿಲ್ಲ, ಯಾರೂ ಬೈಯಲಿಲ್ಲ. ಒಂದು ಕೆಟ್ಟ ತಂತ್ರಾಂಶ ಸಾಕಾಯಿತು.

ಆರಿಸುವ ಮುನ್ನ ಐದು ಪರೀಕ್ಷೆ

ಆದ್ದರಿಂದ ಹೊಸ ತಂತ್ರಾಂಶವನ್ನು ಅದರ ಬಣ್ಣ ನೋಡಿ ಆರಿಸಬೇಡಿ. ಕನ್ನಡದಲ್ಲಿ ಪರೀಕ್ಷೆ ಮಾಡಿ. ಅರ್ಧ ಗಂಟೆಯ ಕೆಲಸ.

ಒಂದು: ವಿಷಯದ ಸಾಲಿನಲ್ಲೇ 'ಕರ್ನಾಟಕ, ರಾಷ್ಟ್ರ, ಸ್ತ್ರೀ' ಎಂದು ಬರೆದು ಕಳಿಸಿ. ಅರ್ಕಾವೊತ್ತು, ಎರಡೆರಡು ಒತ್ತು ಎಲ್ಲಾ ಸರಿಯಾಗಿ ಬಂದವೇ?

ಎರಡು: ಆ ಓಲೆಗೆ ಬೇರೆ ತಂತ್ರಾಂಶದಿಂದ ಗೆಳೆಯ ಉತ್ತರ ಬರೆಯಲಿ, ನೀವು ಮತ್ತೆ ಉತ್ತರಿಸಿ. ಮೂರನೇ ಸುತ್ತಿನಲ್ಲೂ ಹಳೆಯ ಸಾಲುಗಳು ಕನ್ನಡವಾಗಿಯೇ ಉಳಿದವೇ?

ಮೂರು: 'ಆಮಂತ್ರಣ' ಎಂದು ಕನ್ನಡದಲ್ಲೇ ಹೆಸರಿಟ್ಟ ಕಡತವನ್ನು ಲಗತ್ತಿಸಿ. ಹೆಸರು ಕೆಡದೆ ತಲುಪಿತೇ?

ನಾಲ್ಕು: ಹುಡುಕಿ. ನಮ್ಮ ಭಾಷೆಯಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. 'ಮೈಸೂರ' ಎಂದು ಹುಡುಕಿದರೆ 'ಮೈಸೂರು', 'ಮೈಸೂರಿನಲ್ಲಿ', 'ಮೈಸೂರಿಂದ' ಎಲ್ಲವೂ ಸಿಗಬೇಕು. ಇಡೀ ಪದ ಹೊಂದಿದರೆ ಮಾತ್ರ ಹುಡುಕಿಕೊಡುವ ತಂತ್ರಾಂಶ ಕನ್ನಡಕ್ಕೆ ಕುರುಡು.

ಐದು, ಎಲ್ಲಕ್ಕಿಂತ ಮುಖ್ಯ: ಹೊರಗೆ ಬರುವ ಬಾಗಿಲು ಎಲ್ಲಿದೆ? ಎಲ್ಲಾ ಓಲೆಗಳನ್ನೂ ಎಂಬಾಕ್ಸ್ ಅಥವಾ ಇಎಂಎಲ್ ಎಂಬ ಸಾರ್ವಜನಿಕ ಮಾದರಿಯಲ್ಲಿ ಹೊರತೆಗೆದು, ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿ. ತೆರೆಯಲಾಗದಿದ್ದರೆ ಅದು ಮನೆಯಲ್ಲ, ಲಾಕಪ್ಪು.

ನಮ್ಮ ಮತ ಯಾವುದಕ್ಕೆ?

ಥಂಡರ್‌ಬರ್ಡ್‌ಗೆ. ಕಾರಣ ಹೇಳುತ್ತೇವೆ.

ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ತನ್ನ ಮೂಲ ಸಂಕೇತವನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. ಕಂಪನಿ ಮುಳುಗಿತು, ಸಂಕೇತ ತೇಲಿತು. ಅದರಿಂದ ಹುಟ್ಟಿದ ಥಂಡರ್‌ಬರ್ಡ್ 1.0 ಬಂದದ್ದು 2004ರ ಡಿಸೆಂಬರಿನಲ್ಲಿ. 2012ರಲ್ಲಿ ಮೊಜಿಲ್ಲಾ ಸಂಸ್ಥೆಯೂ ಇದರ ಮೇಲಿನ ಕೆಲಸಕ್ಕೆ ಕಡಿವಾಣ ಹಾಕಿತು. ಬೇರೆ ತಂತ್ರಾಂಶವಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. ಸಂಕೇತ ತೆರೆದಿತ್ತು, ಬಳಸುವವರೇ ಹೆಗಲು ಕೊಟ್ಟರು, ದೇಣಿಗೆ ಕೊಟ್ಟರು. ಇಂದಿಗೂ ಅದು ನಡೆಯುತ್ತಿರುವುದು ಮುಖ್ಯವಾಗಿ ಜನರ ದೇಣಿಗೆಯಿಂದಲೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2024ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಫೋನಿಗೂ ಬಂತು. ಓಲೆಗಳನ್ನು ಎಂಬಾಕ್ಸ್ ಮಾದರಿಯಲ್ಲಿ ನಿಮ್ಮ ಕಂಪ್ಯೂಟರಿನಲ್ಲೇ ಇಡುತ್ತದೆ. ನಾಳೆ ಇದೂ ಸತ್ತರೆ? ಸಾಯಲಿ. ನಿಮ್ಮ ಓಲೆ ಸಾಯುವುದಿಲ್ಲ.

ದೋಷ ಇಲ್ಲವೇ? ಇದೆ. ನೀವು ಅಳಿಸಿದ ಓಲೆಗಳು 'ಕಂಪ್ಯಾಕ್ಟ್' ಮಾಡುವವರೆಗೆ ಕಡತದಲ್ಲಿ ಜಾಗ ತಿನ್ನುತ್ತಲೇ ಇರುತ್ತವೆ. 2023ರಲ್ಲಿ ಮುಖಚರ್ಯೆ ಬದಲಿಸಿದಾಗ ಹಳಬರು ಗೊಣಗಿದರು. ಹಳೆಯ ರೂಪವೇ ಬೇಕೆನ್ನುವವರು ಅದೇ ವಂಶದ ಸೀಮಂಕಿಯನ್ನು ನೋಡಬಹುದು.

ಮತ್ತೆ ಆ ಹೊಸ ಔಟ್‌ಲುಕ್? ಅದರಲ್ಲಿ ಸುದ್ದಿಗುಂಪು ಓದಲಾಗದು. ಬೇರೆ ಕಂಪನಿಯಲ್ಲಿರುವ ನಿಮ್ಮ ಖಾತೆಯನ್ನು ಅದಕ್ಕೆ ಜೋಡಿಸಿದರೆ, ನಿಮ್ಮ ಓಲೆಗಳ ಪ್ರತಿ ಮೈಕ್ರೋಸಾಫ್ಟಿನ ಸರ್ವರಿಗೂ ಹೋಗುತ್ತದೆ. ಪಕ್ಕದ ಮನೆಯವರಿಗೆ ಬಂದ ಕಾಗದವನ್ನೂ ಒಂದು ಪ್ರತಿ ಮಾಡಿ ಇಟ್ಟುಕೊಳ್ಳುವ ಅಂಚೆಯಣ್ಣನನ್ನು ನೀವು ಒಪ್ಪುತ್ತೀರಾ?

"ಎಲ್ಲಾ ಜಿಮೇಲ್‌ನಲ್ಲೇ ಇದೆಯಲ್ಲ ಸಾರ್, ಕಂಪ್ಯೂಟರಿಗೆ ಯಾಕೆ ಇಳಿಸಬೇಕು?" ಎಂದು ಕೇಳುವವರಿದ್ದೀರಿ. ನ್ಯಾಯವಾದ ಪ್ರಶ್ನೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಸಂಘದ ಹಿಂದಿನ ಕಾರ್ಯದರ್ಶಿಯ ಖಾತೆ ಯಾರೂ ಮುಟ್ಟದೆ ಬಿದ್ದಿದ್ದರೆ ಏನಾದೀತು, ನೀವೇ ಊಹಿಸಿ. ಜಿಮೇಲ್ ಬಿಡಿ ಎನ್ನುತ್ತಿಲ್ಲ. ಅದರ ಒಂದು ಪ್ರತಿ ನಿಮ್ಮ ಮನೆಯಲ್ಲೂ ಇರಲಿ ಎನ್ನುತ್ತಿದ್ದೇವೆ.

ಸುದ್ದಿಗುಂಪು ಎಂಬ ಹಳೆಯ ಅರಳಿಕಟ್ಟೆ

ಇಂದಿನ ಹುಡುಗ ಹುಡುಗಿಯರಿಗೆ ಸುದ್ದಿಗುಂಪು ಎಂದರೆ ಗೊತ್ತಿಲ್ಲದಿರಬಹುದು. ಫೇಸ್‌ಬುಕ್, ವಾಟ್ಸಾಪ್ ಹುಟ್ಟುವ ಎಷ್ಟೋ ವರ್ಷ ಮೊದಲು, 1979ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಯೋಚಿಸಿದ ಯೂಸ್‌ನೆಟ್‌ನ ಮಾತುಕತೆಯ ಕಟ್ಟೆಗಳಿವು. ಇದಕ್ಕೆ ಒಬ್ಬ ಒಡೆಯನಿಲ್ಲ. ಒಂದು ಸರ್ವರಿಗೆ ಬಂದದ್ದನ್ನು ಅದು ಮುಂದಿನದಕ್ಕೆ ದಾಟಿಸುತ್ತದೆ. 'ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ' ಎಂಬ ಗುಂಪೂ ಅಲ್ಲಿತ್ತು. ಹೊರದೇಶದ ಕನ್ನಡಿಗರು ಕನ್ನಡ ಅಕ್ಷರ ಮೂಡಿಸಲಾಗದೆ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದು ಹರಟಿದ ಜಾಗ.

2001ರಲ್ಲಿ ಗೂಗಲ್ ಈ ಗುಂಪುಗಳ ಹಳೆಯ ದಾಖಲೆಯನ್ನು ಕೊಂಡಿತು. ಜನ ಗೂಗಲ್ ಪುಟದಲ್ಲೇ ಓದುವುದಕ್ಕೆ ಒಗ್ಗಿದರು, ಸ್ವಂತ ತಂತ್ರಾಂಶ ಮರೆತರು. 2024ರ ಫೆಬ್ರವರಿ 22ರಂದು ಗೂಗಲ್ ಹೊಸ ಓಲೆಗಳಿಗೆ ಬಾಗಿಲು ಮುಚ್ಚಿತು. ಥಂಡರ್‌ಬರ್ಡ್ ಇಟ್ಟುಕೊಂಡಿದ್ದವರಿಗೆ ಏನೂ ಆಗಲಿಲ್ಲ! ಎಟರ್ನಲ್ ಸೆಪ್ಟೆಂಬರ್‌ನಂಥ ಉಚಿತ ಸರ್ವರಿಗೆ ಜೋಡಿಸಿಕೊಂಡು ಓದುತ್ತಲೇ ಇದ್ದಾರೆ. ಕಟ್ಟೆಯ ಗದ್ದಲ ಹಿಂದಿನಷ್ಟಿಲ್ಲ, ನಿಜ. ಆದರೆ ಪಾಠ ದೊಡ್ಡದು.

ಈ ಭಾನುವಾರವೇ ಶುರುಮಾಡಿ

ಹಳೆಯ ತಂತ್ರಾಂಶವನ್ನು ಮೊದಲೇ ಕಿತ್ತುಹಾಕಬೇಡಿ. ಖಾತೆಗೆ ಐಮ್ಯಾಪ್ ಇದ್ದರೆ ಕೆಲಸ ಸುಲಭ: ಥಂಡರ್‌ಬರ್ಡ್‌ಗೆ ಖಾತೆ ಜೋಡಿಸಿದರೆ ಸರ್ವರಿನಲ್ಲಿರುವ ಓಲೆಗಳು ತಾವಾಗಿ ಇಳಿಯುತ್ತವೆ. ವಿಂಡೋಸ್ ಲೈವ್ ಮೇಲ್ ಒಂದೊಂದು ಓಲೆಯನ್ನೂ ಇಎಂಎಲ್ ಕಡತವಾಗಿ ಇಟ್ಟಿರುತ್ತದೆ; 'ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ' ಎಂಬ ಸೇರ್ಪಡೆಯಿಂದ ಅವನ್ನು ಒಳಗೆ ತನ್ನಿ. ಎರಡೂ ಕಡೆಯ ಓಲೆಗಳ ಸಂಖ್ಯೆ ತಾಳೆ ನೋಡಿ. ಹಳೆಯ ಫಾಂಟಿನ ಓಲೆಗಳನ್ನು ಬರಹದಲ್ಲಿರುವ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ. ಎಲ್ಲದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ನಿಮಗೆ ಮುಗಿದ ಮೇಲೆ ನಿಮ್ಮ ಬೀದಿಯ ಕನ್ನಡ ಸಂಘದ ಕಂಪ್ಯೂಟರಿನ ಮುಂದೆ ಕೂತುಕೊಳ್ಳಿ. ಅಲ್ಲಿ ಹಿರಿಯರ ಇಪ್ಪತ್ತು ವರ್ಷದ ಪತ್ರಗಳಿರಬಹುದು. ಅವರಿಗೆ ಇದು ಬಾರದು, ನಿಮಗೆ ಬರುತ್ತದೆ. ರಾಜ್ಯೋತ್ಸವದ ದಿನ ಬಾವುಟ ಹಿಡಿಯುವ ಕೈ ಉಳಿದ ದಿನ ಇಂಥದೊಂದು ಕೆಲಸ ಹಿಡಿಯಲಿ. ಕಂಪ್ಯೂಟರ್ ಕೆಡುವ ಮೊದಲೇ ಹಿಡಿಯಲಿ!