ಓರೆಯನ್ನು ಕನ್ನಡಿಯಲ್ಲೇ ತಿದ್ದಬೇಕು

ಈದ್ ಮರುದಿನ ಮಾಮನ ಹೊಸ ಕಾರಿನಲ್ಲಿ ಅಜ್ಜಿ ಮನೆಗೆ ಹೋಗುತ್ತಿದ್ದೆವು. ಸ್ಟೇರಿಂಗ್‌ನ ಮುಂದೆ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ಒಂದು ಪಾರದರ್ಶಕ ಫಲಕ ನಿಂತಿತ್ತು. "ನೋಡು, ಕಾರಿನ ಸ್ಪೀಡ್ ಇಲ್ಲೇ ಕಾಣ್ತದೆ" ಎಂದು ಮಾಮ ಹೇಳಿದರು. ಪಕ್ಕದ ಸೀಟಿನಲ್ಲಿದ್ದ ನನಗೆ ಏನೂ ಕಾಣಲಿಲ್ಲ. ಊಟಕ್ಕೆ ನಿಲ್ಲಿಸಿದಾಗ ಅವರ ಸೀಟಿನಲ್ಲಿ ಕುಳಿತು ನೋಡಿದೆ. ಅಂಕಿ ಫಲಕದ ಮೇಲಿರಲಿಲ್ಲ, ಅದರಾಚೆ ಬಾನೆಟ್‌ನ ಮೇಲೆ ತೇಲುತ್ತಿತ್ತು! ತಲೆಯನ್ನು ತುಸು ಬದಿಗೆ ಸರಿಸಿದರೆ ಅಂಕಿಯ ಅಂಚು ಮಾಯ. ಇದೇ ಹೆಡ್-ಅಪ್ ಡಿಸ್‌ಪ್ಲೇ.

ಇದು ಶೋಕಿಗಾಗಿ ಹುಟ್ಟಿದ ವಸ್ತುವಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೀಟರ್ ನೋಡಲು ಚಾಲಕ ಒಂದೇ ಸೆಕೆಂಡ್ ತಲೆ ತಗ್ಗಿಸಿದರೂ ಅಷ್ಟು ದೂರ ಕಾರು ಕುರುಡಾಗಿ ಹೋದಂತೆ. ಮೊದಲು ಯುದ್ಧವಿಮಾನಗಳಲ್ಲಿ ಬಂದ ಈ ಉಪಕರಣವನ್ನು 1988ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಲ್ಡ್ಸ್‌ಮೊಬೈಲ್ ಕಾರಿಗೆ ಅಳವಡಿಸಿತು. ನಮ್ಮ ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನಕ್ಕೆ ಇದನ್ನು ರೂಪಿಸಿದ್ದು ಚಂಡೀಗಢದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಒ. 2022ರಲ್ಲಿ ಬಲೆನೊದಂಥ ಮಧ್ಯಮ ವರ್ಗದವರ ಕಾರಿಗೂ ಬಂತು.

ಇದರ ತತ್ತ್ವ ನಮ್ಮ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ. ನಿಮ್ನ ದರ್ಪಣದ ಸಂಗಮ ದೂರದೊಳಗೆ ವಸ್ತುವನ್ನಿಟ್ಟರೆ ದೊಡ್ಡದಾದ ಮಿಥ್ಯ ಪ್ರತಿಬಿಂಬ ದರ್ಪಣದ ಹಿಂದೆ ಮೂಡುತ್ತದೆ. ಸಂಗಮ ದೂರ 22.2 ಸೆಂ.ಮೀ. ಇರುವ ದರ್ಪಣದಿಂದ 20 ಸೆಂ.ಮೀ. ದೂರದಲ್ಲಿ ಪುಟ್ಟ ಪರದೆ ಇಟ್ಟು ಸೂತ್ರ ಹಾಕಿ ನೋಡಿ: ಪ್ರತಿಬಿಂಬ 2 ಮೀಟರ್ ದೂರದಲ್ಲಿ, 10 ಪಟ್ಟು ದೊಡ್ಡದು. ದೊಡ್ಡ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನೊಳಗೆ ಇಂಥ ದರ್ಪಣ ಅಡಗಿರುತ್ತದೆ. ಅದರಿಂದ ಬಂದ ಬೆಳಕು ಮುಂಗಾಜಿಗೆ ಬಡಿದು ಚಾಲಕನ ಕಣ್ಣಿಗೆ ಮರಳುತ್ತದೆ.

ಇಷ್ಟು ಸರಳವಾದರೆ ಕಷ್ಟ ಎಲ್ಲಿದೆ? ಪಠ್ಯಪುಸ್ತಕ ಈ ಸೂತ್ರ ಕಲಿಸುವಾಗ "ಅಕ್ಷಕ್ಕೆ ಹತ್ತಿರದ ಕಿರಣಗಳನ್ನು ಮಾತ್ರ ಪರಿಗಣಿಸೋಣ" ಎನ್ನುತ್ತದೆ. ಕಾರಿನಲ್ಲಿ ಅಂಥ ಅನುಕೂಲವಿಲ್ಲ. ಸ್ಟೇರಿಂಗ್ ದಂಡ, ಎ.ಸಿ. ಕೊಳವೆ, ವೈರುಗಳ ನಡುವೆ ಜಾಗ ಹುಡುಕಬೇಕು. ಸಾಮಾನ್ಯ ಘಟಕವೇ ಐದು ಲೀಟರ್ ಕುಕ್ಕರಿನ ಹತ್ತಿರ ಹತ್ತಿರ ಜಾಗ ತಿನ್ನುತ್ತದೆ. ರಸ್ತೆಯ ಮೇಲೆಯೇ ಬಾಣದ ಗುರುತು ತೋರಿಸುವ ದೊಡ್ಡ ಘಟಕಕ್ಕೆ ಹತ್ತು ಲೀಟರೂ ಸಾಲದು. ಗಾತ್ರ ಇಳಿಸಬೇಕೆಂದರೆ ಬೆಳಕಿನ ದಾರಿಯನ್ನು ಮಡಚಬೇಕು, ದರ್ಪಣವನ್ನು ಓರೆಯಾಗಿಡಬೇಕು, ಅದರ ಬಾಗು ಹೆಚ್ಚಿಸಬೇಕು. ಇವೆಲ್ಲವೂ ಚಿತ್ರವನ್ನು ಸೊಟ್ಟಗೆ ಮಾಡುತ್ತವೆ. ಇದರ ಮೇಲೆ ಮುಂಗಾಜಿನ ಕಾಟ. ಅದರ ಆಕಾರವನ್ನು ತೀರ್ಮಾನಿಸುವವರು ಕಾರಿನ ಅಂದ ಮತ್ತು ಗಾಳಿಯ ತಡೆ ನೋಡುವವರು. ಅದು ಬದಿಯಿಂದ ಬದಿಗೆ ಒಂದು ಬಗೆ, ಮೇಲಿಂದ ಕೆಳಗೆ ಇನ್ನೊಂದು ಬಗೆ ಬಾಗಿರುತ್ತದೆ. ಚಾಲಕ ಕೂರುವುದೂ ಅದರ ನಡುವಿಗಲ್ಲ, ಒಂದು ಬದಿಗೆ. ಹಾಗಾಗಿ ಚೌಕ ಕಳಿಸಿದರೆ ಕಣ್ಣಿಗೆ ಕಾಣುವುದು ವಾಲಿದ, ಉಬ್ಬಿದ ಆಕೃತಿ.

ಇದನ್ನು ತಿದ್ದಲು ಎರಡು ದಾರಿಗಳಿವೆ. ಒಂದು, ಗಾಜಿನ ಬಾಗನ್ನು ಲೆಕ್ಕ ಹಾಕಿ ದರ್ಪಣದ ಮೈಯನ್ನೇ ಅದಕ್ಕೆ ತಕ್ಕಂತೆ ರೂಪಿಸುವುದು. ಆ ಮೈ ಗೋಳದ ತುಂಡಾಗಿರುವುದಿಲ್ಲ, ಪ್ರತಿ ಭಾಗದಲ್ಲೂ ಅದರ ಬಾಗು ಬೇರೆ. ಎರಡು, ಸಾಫ್ಟ್‌ವೇರಿನಿಂದ ಚಿತ್ರವನ್ನು ಮೊದಲೇ ಉಲ್ಟಾ ಸೊಟ್ಟ ಮಾಡಿ ಕಳಿಸುವುದು. ಎರಡು ಸೊಟ್ಟ ಸೇರಿ ನೆಟ್ಟಗಾಗುತ್ತದೆ.

ಎರಡನೆಯದು ಅಗ್ಗ. "ದರ್ಪಣಕ್ಕೇಕೆ ಅಷ್ಟು ದುಡ್ಡು, ಪ್ರೋಗ್ರಾಂ ಬರೆದರೆ ಮುಗಿಯಿತು" ಎಂಬ ವಾದ ಸುಲಭವಾಗಿ ಹುಟ್ಟುತ್ತದೆ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನನ್ನ ಗೆಳೆಯರದ್ದೂ ಇದೇ ಮಾತು. ನಾನು ಒಪ್ಪುವುದಿಲ್ಲ. ಚಿತ್ರವನ್ನು ಬಗ್ಗಿಸಿದಾಗ ಪರದೆಯ ಒಂದಷ್ಟು ಚುಕ್ಕಿಗಳು ವ್ಯರ್ಥವಾಗಿ ಅಕ್ಷರಗಳ ಸ್ಪಷ್ಟತೆ ಕುಗ್ಗುತ್ತದೆ. ಚಾಲಕ ತಲೆ ಅಲುಗಿಸಿದರೆ ಅದೇ ತಿದ್ದುಪಡಿ ತಪ್ಪಾಗುತ್ತದೆ. ಕ್ಯಾಮೆರಾ ಇಟ್ಟು ಕಣ್ಣನ್ನು ಹಿಂಬಾಲಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ನಮಗೆ ಎರಡು ಕಣ್ಣುಗಳಿವೆ. ಎರಡೂ ಕಣ್ಣು ಗಾಜಿನ ಬೇರೆ ಬೇರೆ ಜಾಗದ ಮೂಲಕ ನೋಡುತ್ತವೆ, ಒಂದೊಂದಕ್ಕೂ ಸೊಟ್ಟ ಬೇರೆ. ಪರದೆಯ ಮೇಲಿರುವ ಚಿತ್ರ ಒಂದೇ. ಅದು ಎರಡೂ ಕಣ್ಣುಗಳಿಗೆ ಏಕಕಾಲಕ್ಕೆ ಸರಿಹೊಂದುವುದು ಹೇಗೆ? ಆ ವ್ಯತ್ಯಾಸವನ್ನು ಕಣ್ಣೇ ಹೊರಬೇಕು. ಗಂಟೆಗಟ್ಟಲೆ ಓಡಿಸುವವರಿಗೆ ಅದು ತಲೆನೋವು. ರಸ್ತೆಯ ಮೇಲೆ ಬಾಣ ತೋರಿಸುವ ಉಪಕರಣದಲ್ಲಾದರೆ ತಿರುವು ತುಸು ಪಕ್ಕಕ್ಕೆ ಕಂಡರೂ ಸಾಕು, ಪ್ರಾಣಕ್ಕೇ ಸಂಚಕಾರ.

ಸಾಫ್ಟ್‌ವೇರ್ ಬೇಡವೆಂದಲ್ಲ. ಕಾರ್ಖಾನೆಯಿಂದ ಬರುವ ಒಂದು ಗಾಜಿಗೂ ಇನ್ನೊಂದಕ್ಕೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ಸರಿಪಡಿಸಲು ಅದೇ ಬೇಕು. ಆದರೆ ಅದು ಕೊನೆಯ ಕೈ ಆಗಿರಲಿ. ದೊಡ್ಡ ಓರೆಯನ್ನು ಬೆಳಕಿನ ದಾರಿಯಲ್ಲೇ ತಿದ್ದಬೇಕು. ಜಾಗ ಉಳಿಸುವ ಹೆಸರಿನಲ್ಲಿ ದರ್ಪಣವನ್ನು ಕೆಡಿಸಿ, ಆಮೇಲೆ ಪ್ರೋಗ್ರಾಮಿನಿಂದ ಮುಚ್ಚುವುದು ಚಿಕ್ಕದಾಗಿ ಮಾಡುವ ಜಾಣತನವಲ್ಲ.

ಈ ಮಾತು ನಮ್ಮ ಲ್ಯಾಬಿಗೂ ಅನ್ವಯಿಸುತ್ತದೆ. ಪ್ರಾಮಾಣಿಕವಾಗಿ ಹೇಳೋಣ: ದರ್ಪಣದ ಪ್ರಯೋಗದಲ್ಲಿ ಉತ್ತರ ಸರಿ ಬಾರದಿದ್ದರೆ ನಮ್ಮಲ್ಲಿ ಎಷ್ಟು ಜನ ಸ್ಟ್ಯಾಂಡನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತೇವೆ? ಸಂಗಮ ದೂರ ಎಷ್ಟು ಬರಬೇಕೆಂದು ಸೀನಿಯರ್‌ಗಳಿಂದ ತಿಳಿದುಕೊಂಡು, ಅಳತೆಯನ್ನು ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಹೊಂದಿಸಿ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಇದೂ ಸೊಟ್ಟ ದರ್ಪಣಕ್ಕೆ ಸಾಫ್ಟ್‌ವೇರ್ ಹಚ್ಚಿದಂತೆಯೇ. ನಾಳೆ ನಮ್ಮಲ್ಲೊಬ್ಬರು ಇಂಥ ಉಪಕರಣ ತಯಾರಿಸಿದರೆ ಅಪರಿಚಿತನೊಬ್ಬನ ಕಣ್ಣು, ಪ್ರಾಣ ಅವರ ಕೈಯಲ್ಲಿ ಅಮಾನತ್ತಾಗಿರುತ್ತದೆ. ಆ ಅಭ್ಯಾಸ ಇಲ್ಲೇ ಶುರುವಾಗಬೇಕು.

ದೃಗ್ವಿಜ್ಞಾನದ ಮಾತು ಬಂದರೆ ನಮ್ಮ ಕಾರ್ಯಕ್ರಮಗಳಲ್ಲಿ ಇಬ್ನ್ ಅಲ್-ಹೈಸಮ್ ಅವರ ಹೆಸರು ತಪ್ಪದೆ ಬರುತ್ತದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು ಸುಮಾರು 1000 ವರ್ಷಗಳ ಹಿಂದೆ 'ಕಿತಾಬ್ ಅಲ್-ಮನಾಝಿರ್' ಬರೆದರು. ಚಪ್ಪಾಳೆ ತಟ್ಟಿ ಮುಗಿಸುತ್ತೇವೆ. ಅವರು ಮಾಡಿದ್ದೇನು ಗೊತ್ತೇ? ಕಣ್ಣು ಇಲ್ಲಿ, ವಸ್ತು ಅಲ್ಲಿ ಇದ್ದರೆ, ಬಾಗಿದ ಕನ್ನಡಿಯ ಯಾವ ಬಿಂದುವಿನಲ್ಲಿ ಬೆಳಕು ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ ಎಂಬ ಪ್ರಶ್ನೆ ಎತ್ತಿಕೊಂಡು, ಅಕ್ಷದ ಹತ್ತಿರದ ಕಿರಣಗಳಿಗಷ್ಟೇ ನಿಲ್ಲದೆ ರೇಖಾಗಣಿತದಿಂದ ಬಿಡಿಸಿದರು. ಹೆಡ್-ಅಪ್ ಡಿಸ್‌ಪ್ಲೇ ವಿನ್ಯಾಸಕರ ಕಂಪ್ಯೂಟರ್ ಇಂದು ಸಾವಿರಾರು ಕಿರಣಗಳಿಗೆ ಹುಡುಕುವ ಉತ್ತರವೂ ಇದೇ. ಹಿರಿಯರು ಹೇಳಿದ್ದೆಂದು ಒಪ್ಪದೆ ಪ್ರಯೋಗ ಮಾಡಿ ನೋಡಬೇಕೆಂದವರು ಅವರು. ಅವರ ಹೆಸರು ಹೇಳುವ ನಾವು ಅಳತೆ ತಿದ್ದಿ ಬರೆಯುವುದು ಸರಿಯೇ?

ಭೌತಶಾಸ್ತ್ರ ವಿಭಾಗದ ಸರ್ ಮತ್ತು ಮೇಡಮ್‌ಗಳಲ್ಲಿ ಒಂದು ವಿನಂತಿ. ಒಂದು ಶನಿವಾರ ಮಧ್ಯಾಹ್ನ ನಮಗೆ ಲ್ಯಾಬ್ ಬಿಟ್ಟುಕೊಡಿ. ಖರ್ಚಿಲ್ಲ: ನೇರ ಬದಿಯ ಹೊಳೆಯುವ ಸ್ಟೀಲ್ ಲೋಟ, ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಹಾಳೆಯ ಮೇಲೆ ಲೋಟ ಇಟ್ಟು, ಅದರಲ್ಲಿ ನೋಡಿದಾಗ ಚೌಕಗಳು ನೆಟ್ಟಗೆ ಕಾಣುವಂತೆ ಸೊಟ್ಟ ಗೆರೆಗಳನ್ನು ಬರೆಯೋಣ. ಆಮೇಲೆ ತಲೆ ಸರಿಸೋಣ, ಒಂದೊಂದೇ ಕಣ್ಣು ಮುಚ್ಚಿ ನೋಡೋಣ. ಕಷ್ಟಪಟ್ಟು ನೆಟ್ಟಗೆ ಮಾಡಿದ ಚೌಕ ಮತ್ತೆ ಬಾಗುವುದನ್ನು ನಾವೇ ಕಾಣುತ್ತೇವೆ. ಅಂದು ಬಂದ ಅಳತೆಯನ್ನು ಬಂದಂತೆಯೇ ರೆಕಾರ್ಡ್ ಪುಸ್ತಕದಲ್ಲಿ ಬರೆಯೋಣ. ತಪ್ಪು ಬಂದರೂ ಅದಕ್ಕೆ ಅಂಕ ಕಡಿತ ಮಾಡಬೇಡಿ, ಕಾರಣ ಕೇಳಿ. ಉತ್ತರ ಹುಡುಕಿ ತರುತ್ತೇವೆ, ಇನ್ಶಾ ಅಲ್ಲಾಹ್.