ವಿಷ್ಣುವರ್ಧನ ಯಾರ ಸ್ವತ್ತು? ಬೋರ್ಡು ಬರೆಸೋ ಮುಂಚೆ ಓದಿ

ಅರಸೀಕೆರೆಯಲ್ಲಿ ಬಸ್ಸು ಹತ್ತಿ ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಬೇಲೂರಿಗೆ ಹೋಗುವವರು ಕಿಟಕಿಯಾಚೆ ಕಣ್ಣಾಡಿಸಿದರೆ ಸಾಕು. ನಟರ ಹೆಸರಿನ ಹೋಟೆಲು, ಅಪ್ಪು ಚಿತ್ರದ ಸ್ಟಿಕ್ಕರು, ಕ್ರಿಕೆಟ್ ಆಟಗಾರರ ಹೆಸರು ಅಚ್ಚೊತ್ತಿದ ಬನಿಯನ್ನು. ಅಭಿಮಾನ ಅಂತಾರೆ ಒಬ್ಬರು, ವ್ಯಾಪಾರ ಅಂತಾರೆ ಇನ್ನೊಬ್ಬರು. ಗೆರೆ ಎಲ್ಲಿ ಎಳೆಯಬೇಕು ಅನ್ನೋದೇ ತಕರಾರು.

ಈ ಸೀಮೆಯಲ್ಲಂತೂ ಪಜೀತಿ ಇಮ್ಮಡಿ. 'ವಿಷ್ಣುವರ್ಧನ' ಅಂತ ಅಂಗಡಿಗೆ ಹೆಸರಿಟ್ಟರೆ ಅದು ಯಾರದು? 1117ರಲ್ಲಿ ಬೇಲೂರು ಚೆನ್ನಕೇಶವನ ಗುಡಿ ಕಟ್ಟಿಸಿದ ಹೊಯ್ಸಳ ದೊರೆಯದೋ, 2009ರ ಡಿಸೆಂಬರ್ 30ರಂದು ತೀರಿಕೊಂಡ ಸಾಹಸಸಿಂಹನದೋ? ದೊರೆಯ ಹೆಸರಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಬೋರ್ಡಿನಲ್ಲಿ ನಟನ ಮುಖ, ಕೈಯ ಕಡಗ ಬಂತೋ, ಅದು ದೊರೆಯ ಹೆಸರು ಅನ್ನೋ ಸಬೂಬು ನಡೆಯೋದು ಕಷ್ಟ. ಜಾವಗಲ್ ಕಥೆಯೂ ಹೀಗೇ. ಊರಿನ ಹೆಸರು ಊರಿನವರೆಲ್ಲರದು. ಬ್ಯಾಟಿನ ಮೇಲೆ 'ಜಾವಗಲ್ ಶ್ರೀನಾಥ್' ಅಂತ ಬರೆದರೆ ಮಾತ್ರ ಅದು ಆಟಗಾರನ ಹೆಸರು.

ಕಾಯಿದೆ ಏನನ್ನುತ್ತೆ?

1999ರ ಟ್ರೇಡ್‌ಮಾರ್ಕ್ ಕಾಯಿದೆಯ 14ನೇ ಕಲಂ ನೇರವಾಗಿದೆ. ಬದುಕಿರುವ ವ್ಯಕ್ತಿಯ ಜತೆ, ಇಲ್ಲವೇ ಅರ್ಜಿಗೆ ಮುಂಚಿನ 20 ವರ್ಷದೊಳಗೆ ತೀರಿಕೊಂಡವರ ಜತೆ ಸುಳ್ಳು ನಂಟು ತೋರಿಸುವ ಮಾರ್ಕನ್ನು ನೋಂದಾಯಿಸಲು ಹೊರಟರೆ, ಆ ವ್ಯಕ್ತಿಯ ಅಥವಾ ವಾರಸುದಾರರ ಲಿಖಿತ ಒಪ್ಪಿಗೆ ತನ್ನಿ ಅಂತ ರಿಜಿಸ್ಟ್ರಾರ್ ಕೇಳಬಹುದು. ಕರ್ನಾಟಕದ ಅರ್ಜಿಗಳು ಹೋಗೋದು ಚೆನ್ನೈ ಕಚೇರಿಗೆ. ಲೆಕ್ಕ ಹಾಕಿ: ವಿಷ್ಣುವರ್ಧನ್ ಹೆಸರಿಗೆ ಈ ಗಡುವು 2029ರ ಡಿಸೆಂಬರ್. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ಹೆಸರಿಗೆ 2041.

ಇದು ನೋಂದಣಿಯ ಮಾತಾಯಿತು. ಸುಮ್ಮನೆ ಮಾರಿದರೆ? ಅದಕ್ಕೂ ಕೋರ್ಟು ಕೇಳಿದೆ. ಗಾಯಕ ದಲೇರ್ ಮೆಹೆಂದಿ ರೂಪದ, ಅವರ ಹಾಡು ಹಾಡುವ ಗೊಂಬೆ ಮಾರಿದ ಅಂಗಡಿಯನ್ನು ದೆಹಲಿ ಹೈಕೋರ್ಟು 2010ರಲ್ಲಿ ತಡೆಯಿತು. ಆದರೆ ಅಣಕ, ವ್ಯಂಗ್ಯಚಿತ್ರಕ್ಕೆಲ್ಲ ಈ ಹಕ್ಕು ಅಡ್ಡ ಬರಬಾರದು ಅಂತಲೂ ಎಚ್ಚರಿಸಿತು. 2012ರಲ್ಲಿ ಅಮಿತಾಭ್, ಜಯಾ ಬಚ್ಚನ್ ಜೋಡಿಯ ಚಿತ್ರವನ್ನು ತನ್ನ ಜಾಹೀರಾತು ಫಲಕಕ್ಕೆ ಇಳಿಸಿಕೊಂಡ ಆಭರಣದಂಗಡಿಗೂ ಅದೇ ಗತಿ. ಆ ಕೇಸು ಹಾಕಿದ್ದು ತನಿಷ್ಕ್ ಒಡವೆಯ ಟೈಟಾನ್ ಕಂಪನಿ.

ಎಲ್ಲ ಕೇಸೂ ತಾರೆಯರೇ ಗೆಲ್ಲುತ್ತಾರೆ ಅಂತಿಲ್ಲ. ಗೌತಮ್ ಗಂಭೀರ್ ಹೆಸರಲ್ಲಿ ದೆಹಲಿಯಲ್ಲಿ ಹೋಟೆಲು ನಡೆದಿತ್ತು. ಕ್ರಿಕೆಟಿಗ ಕೋರ್ಟಿಗೆ ಹೋದರೆ, ಹೋಟೆಲಿನ ಮಾಲೀಕನ ಹೆಸರೂ ಗೌತಮ್ ಗಂಭೀರ್! ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸಲು 35ನೇ ಕಲಂ ಬಿಡುತ್ತೆ. 2017ರಲ್ಲಿ ಕ್ರಿಕೆಟಿಗನ ದಾವೆ ಬಿತ್ತು. ಸುಶಾಂತ್ ಸಿಂಗ್ ರಾಜಪುತ್ ತಂದೆ ಹಾಕಿದ ಕೇಸಿನಲ್ಲಿ 2023ರಲ್ಲಿ ಅದೇ ಹೈಕೋರ್ಟು, ವ್ಯಕ್ತಿತ್ವದ ಹಕ್ಕು ವ್ಯಕ್ತಿಯ ಜತೆಗೇ ಮುಗಿಯುತ್ತೆ ಎಂದಿತು. ಒಂದು ಕಡೆ 20 ವರ್ಷ ವಾರಸುದಾರರನ್ನು ಕೇಳಿ ಅನ್ನೋ ಕಾಯಿದೆ, ಇನ್ನೊಂದು ಕಡೆ ಸತ್ತ ಮೇಲೆ ಹಕ್ಕಿಲ್ಲ ಅನ್ನೋ ತೀರ್ಪು. ಗೊಂದಲ ಇರೋದೇ ಇಲ್ಲಿ.

ಸಿಕ್ಕಿಬೀಳೋದು ಯಾರು?

ಸಣ್ಣ ಅಂಗಡಿಯವನು. ಬನಿಯನ್ನು ಹೊಲಿದವನು ಎಲ್ಲೋ ದೂರದಲ್ಲಿ, ಅಚ್ಚು ಹಾಕಿದವನು ಇನ್ನೆಲ್ಲೋ. ಮಾಲು ಕಣ್ಣಿಗೆ ಬೀಳೋದು ಬಸ್ ನಿಲ್ದಾಣದ ಅಂಗಡಿಯಲ್ಲಿ. ನೋಂದಾಯಿತ ಮಾರ್ಕಿನ ನಕಲಿ ಮಾರಿದರೆ 6 ತಿಂಗಳಿಂದ 3 ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವಾರೆಂಟಿಲ್ಲದೆ ಜಪ್ತಿ ಮಾಡಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಬರಬೇಕು, ಅದೂ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದು. ಹೆಸರು ನೋಂದಣಿ ಆಗಿರದಿದ್ದರೂ ಸಿವಿಲ್ ದಾವೆಯ ದಾರಿ ತೆರೆದೇ ಇರುತ್ತೆ.

ಮಾರಾಟಗಾರನಿಗೆ ಕಾಯಿದೆಯೇ ಒಂದು ಕಿಂಡಿ ಬಿಟ್ಟಿದೆ. ಮುನ್ನೆಚ್ಚರಿಕೆ ವಹಿಸಿದ್ದೆ, ನಕಲಿ ಅಂತ ಅನುಮಾನ ಬರಲಿಲ್ಲ ಅಂತ ತೋರಿಸಿ, ಮಾಲು ಕೊಟ್ಟವನ ವಿವರ ಒಪ್ಪಿಸಿದರೆ ಪಾರಾಗಬಹುದು. ಅಂದರೆ ಬಿಲ್ಲಿರಬೇಕು. 'ಬಿಲ್ ಬೇಡ ಬಿಡಿ, ರೇಟು ಕಮ್ಮಿ ಮಾಡಿ' ಅಂತ ತಂದ ಗಂಟಿಗೆ ಆ ಕಿಂಡಿಯೂ ಮುಚ್ಚಿದಂತೆಯೇ.

ಗೋಡೆಗೆ ಅಪ್ಪು ಫೋಟೋ ತೂಗುಹಾಕಿ ಊದುಬತ್ತಿ ಹಚ್ಚುವ ಅಂಗಡಿಯವನನ್ನು ಯಾರೂ ಕೇಳೋದಿಲ್ಲ. ಅದೇ ಫೋಟೋ ಊದುಬತ್ತಿ ಪೊಟ್ಟಣದ ಮೇಲೆ ಬಂದಾಗ ಮಾತು ಬೇರೆ. ಅಭಿಮಾನಕ್ಕೆ ರಸೀದಿ ಬೇಡ, ಮಾಲಿಗೆ ಬೇಕು.