ಅಪ್ಪನ ಪದ್ಮಿನಿ ಯಾರ ಹೆಸರಲ್ಲಿದೆ?

ನಮ್ಮೂರು ಬಳ್ಳಾರಿ ಹತ್ತಿರದ ಕೊಳಗಲ್ಲು. ಅಲ್ಲಿ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಪ್ಪನ 1994ರ ಪ್ರೀಮಿಯರ್ ಪದ್ಮಿನಿ ನಿಂತಿದೆ. ನಾನಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ.

ಅಪ್ಪ ತೀರಿಕೊಂಡು ಎರಡು ವರ್ಷ ದಾಟಿತು. ಎರಡೂ ಸಲ ಇನ್ಶೂರೆನ್ಸ್ ಮುಗೀತಿದೆ ಅಂತ ಮೆಸೇಜ್ ಬಂದಾಗ ಮೊಬೈಲಲ್ಲೇ ದುಡ್ಡು ಕಟ್ಟಿ ಸುಮ್ಮನಾದೆ. ಪಾಲಿಸಿ ಅಪ್ಪನ ಹೆಸರಲ್ಲೇ ಬಂತು. ನಿಜ ಹೇಳಬೇಕಂದ್ರೆ ಆ ಹೆಸರು ನೋಡೋದೇ ನನಗೊಂದು ಸಮಾಧಾನ.

ಮೊನ್ನೆ ತಮ್ಮ, ಅವ್ವನ್ನ ಕೂರಿಸಿಕೊಂಡು ಕುರುಗೋಡು ದೊಡ್ಡಬಸವೇಶ್ವರನ ದರ್ಶನಕ್ಕೆ ಹೋಗಿದ್ದ. ವಾಪಸ್ ಬರುವಾಗ ಸೈಕಲ್ ಹುಡುಗನೊಬ್ಬ ಅಡ್ಡ ಬಂದು ಬಿದ್ದ. ಮೊಣಕಾಲು ತರಚಿತು, ಅಷ್ಟೇ. ರಾತ್ರಿ ತಮ್ಮ ಫೋನ್ ಮಾಡಿದ: "ಅಣ್ಣಾ, ಆ ಹುಡುಗಗ ಏನಾರ ಹೆಚ್ಚುಕಮ್ಮಿ ಆಗಿದ್ರ, ಅಪ್ಪನ ಹೆಸರಿನ ಪಾಲಿಸಿ ನಡೀತಿತ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕಿದಾಗ ಬೆವರಿಳಿಯಿತು. ಮಾಲೀಕ ತೀರಿಕೊಂಡರೆ ವಾಹನ ಪಾಲಿಸಿ ವಾರಸುದಾರರಿಗೆ ನಡೆಯೋದು ಮೂರು ತಿಂಗಳು, ಅಥವಾ ಅವಧಿ ಮುಗಿಯುವವರೆಗೆ. ಯಾವುದು ಮೊದಲೋ ಅದು. ಅಷ್ಟರೊಳಗೆ ಆರ್‌ಸಿ ಮತ್ತು ಪಾಲಿಸಿ ಎರಡರಲ್ಲೂ ಹೆಸರು ಬದಲಾಗಬೇಕು. ನಾನು ಇಲ್ಲದವರ ಹೆಸರಲ್ಲಿ ಎರಡು ಸಲ ಪ್ರೀಮಿಯಂ ಕಟ್ಟಿದ್ದೆ. ದೊಡ್ಡ ಅಪಘಾತವಾಗಿದ್ದರೆ ಪರಿಹಾರದ ತಕರಾರು ತಮ್ಮನ ತಲೆ ಮೇಲೆ ಬರ್ತಿತ್ತು.

ಇನ್ನೊಂದು ಭ್ರಮೆಯೂ ಇತ್ತು. ಹಳೇ ಕಾರು ತಾನೇ, ವಿಂಟೇಜ್ ರಿಯಾಯಿತಿ ಸಿಗುತ್ತೆ ಅಂದುಕೊಂಡಿದ್ದೆ. ವಿಂಟೇಜ್ ಅಂತ ನೋಂದಾಯಿಸಿದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ ಇರೋದು ನಿಜ. ಆದರೆ 2021ರ ನಿಯಮದಂತೆ ಗಾಡಿಗೆ 50 ವರ್ಷ ದಾಟಿರಬೇಕು, ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮ ಪದ್ಮಿನಿಗೆ ಆ ಭಾಗ್ಯ 2044ಕ್ಕೆ!

ಹಾಗಾದರೆ ಕಡಿಮೆ ಖರ್ಚಿನ ದಾರಿ? ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು, ಅಲ್ಲಿ ಚೌಕಾಸಿ ಇಲ್ಲ. ಪದ್ಮಿನಿಯ ಎಂಜಿನ್ 1089 ಸಿಸಿ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ ₹3,416, ತೆರಿಗೆ ಬೇರೆ. ಉಳಿಸಬಹುದಾದದ್ದು ನಮ್ಮ ಗಾಡಿಯ ಹಾನಿಯ ಭಾಗದಲ್ಲಿ. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ಒಪ್ಪಿಕೊಳ್ಳಬೇಕು; ಫೋಟೊ, ರಿಪೇರಿ ಬಿಲ್ ಇದ್ದರೆ ಮಾತಿಗೆ ಬಲ. ಅಪರೂಪಕ್ಕೆ ಹೊರಡುವ ಕಾರಿಗೆ ಥರ್ಡ್ ಪಾರ್ಟಿ ಜೊತೆ ಬೆಂಕಿ, ಕಳ್ಳತನಕ್ಕಷ್ಟೇ ವಿಮೆ ಕೇಳಬಹುದು. ನಾವು ಅದನ್ನೇ ಕೇಳಿದೆವು.

ಇಂಗ್ಲೆಂಡಿನಲ್ಲಿ ಕಾರು ರಸ್ತೆಗಿಳಿಯಲ್ಲ ಅಂತ ಘೋಷಿಸಿ ವಿಮೆ ಇಲ್ಲದೆ ಮನೆಯಂಗಳದಲ್ಲಿ ನಿಲ್ಲಿಸಬಹುದು. ನಮ್ಮ ಕಾಯ್ದೆ ಸಾರ್ವಜನಿಕ ಜಾಗದಲ್ಲಿ ಓಡಿಸಲು ವಿಮೆ ಬೇಕು ಅನ್ನುತ್ತೆ. ಶೆಡ್ಡಿನಿಂದ ರಸ್ತೆಗೆ ಬಂದರೆ ಸಾಕು, ವಿಮೆ ಇಲ್ಲದಿದ್ದರೆ ಮೊದಲ ಸಲಕ್ಕೆ ₹2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಕೊನೆಗೆ ಉಳಿದದ್ದು ಹೆಸರಿನ ಪ್ರಶ್ನೆ. ಹಿರಿಮಗ ನಾನು, ನನ್ನ ಹೆಸರಿಗೇ ಬರಲಿ ಅಂತ ಮನಸ್ಸು ಹಠ ಹಿಡಿದಿತ್ತು. ಆದರೆ ಗಾಡಿ ಓಡಿಸೋನು, ಆಯಿಲ್ ಬದಲಿಸೋನು, ಆರ್‌ಟಿಒ ಕಚೇರಿಗೆ ಓಡಾಡೋನು ತಮ್ಮ. ಮರಣ ಪ್ರಮಾಣಪತ್ರ, ನಮ್ಮೆಲ್ಲರ ಒಪ್ಪಿಗೆ ಇಟ್ಟು ಫಾರ್ಮ್ 31 ತುಂಬಿ ಅವನ ಹೆಸರಿಗೇ ಮಾಡಿಸಿದೆವು.

ಹೊಸ ಆರ್‌ಸಿ ಫೋಟೊ ವಾಟ್ಸ್‌ಆ್ಯಪಿಗೆ ಬಂದ ದಿನ ಗಂಟಲು ಕಟ್ಟಿತು. ಅವ್ವ ಅಂದ್ಲು: "ಹೆಸರು ಬದಲಾದ್ರ ಏನಾತಪ್ಪ? ಊರಾಗ ಎಲ್ಲಾರೂ ನಿಮ್ಮಪ್ಪನ ಗಾಡಿ ಅಂತಾನ ಅಂತಾರ."

ಊರಲ್ಲಿ ಗಾಡಿ ಬಿಟ್ಟು ಬಂದವರು ಇವತ್ತೇ ಒಮ್ಮೆ ಮನೆಗೆ ಫೋನ್ ಮಾಡಿ. ಪಾಲಿಸಿಯ ಕೊನೇ ದಿನಾಂಕದ ಜೊತೆ, ಅದರಲ್ಲಿ ಯಾರ ಹೆಸರಿದೆ ಅನ್ನೋದನ್ನೂ ಕೇಳಿ.